ಹೆಸರು ತಿಳಿಯುವ ಮೊದಲೇ ಬೂದಿ

ಹಿತ್ತಲ ಬಿದಿರಿಗೆ ಹತ್ತಿದ ಹೇನು ಯಾವುದೆಂದು ತಿಳಿಯಲು ಹನ್ನೆರಡು ದಿನ ಕಾದಿದ್ದೆ. ಇಂದು ಬೆಳಿಗ್ಗೆ ಹಿತ್ತಲಿಗೆ ಕಾಲಿಟ್ಟರೆ ಔಷಧದ ಘಾಟು, ಜೊತೆಗೆ ಹೊಗೆ. "ಮಾಸ್ತರೇ, ನಿಮ್ಮ ಬಿದಿರಿಗೂ ಹೊಡೆದೆ. ಹತ್ತಿದ್ದ ಗಳಗಳನ್ನು ಕಡಿದು ಸುಟ್ಟೂ ಬಿಟ್ಟೆ" ಎಂದರು ಪಕ್ಕದ ಹೊಲದ ಕಾಕಾ. ಪಂಪು ಇನ್ನೂ ಬೆನ್ನ ಮೇಲೇ ಇತ್ತು. ನಾನು ಕೈಮುಗಿಯಬೇಕಿತ್ತೇನೋ!

ಎಳೆ ಬಿದಿರಿನ ಗೆಣ್ಣಿನ ಸುತ್ತ ಜೋಳದ ಹಿಟ್ಟು ಮೆತ್ತಿದ ಹಾಗೆ ಹೇನು ಕುಳಿತಿದ್ದವು. ಭೂತಗನ್ನಡಿ ಹಿಡಿದರೆ ಹಿಟ್ಟಿನಡಿ ಕಂದು ಮೈ. ಕೆಳಗಿನ ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಕರಿ ಬೂಷ್ಟು, ಇರುವೆಯ ಸಾಲು. ನಮ್ಮೂರ ಬಿದಿರಿನಲ್ಲಿ ನಾನು ಇದನ್ನು ಕಂಡದ್ದು ಇದೇ ಮೊದಲು. ಬಿದಿರಿಗೆ ಅದರದೇ ಉಣ್ಣೆ ಹೇನುಗಳಿವೆ, ಕಬ್ಬಿನದು ಬೇರೆ. ಬರಿಗಣ್ಣಿಗೆ ಎರಡೂ ಬಿಳಿ. ಬಲಿತ ಹೇನನ್ನು ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಕಾಯಿಸಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಹಣೆಯ ಕೊಂಬು, ಮೀಸೆಯ ಗೆಣ್ಣು, ಬಾಲದ ಕೂದಲು ನೋಡಿದರೆ ಮಾತ್ರ ಹೆಸರು. ರೆಕ್ಕೆಯದೂ ಒಂದು ಸಿಗಲಿ ಎಂದು ಕಾದದ್ದೇ ನನ್ನ ತಪ್ಪು.

ಕೃಷಿ ಕಚೇರಿಗೆ ಫೋನ್ ಮಾಡಿದರೆ "ಬಿದಿರೇ? ಅದು ಬೆಳೆಯಲ್ಲವಲ್ಲ" ಎಂದರು. ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕಿದರೆ ಐದು ನಿಮಿಷದಲ್ಲಿ ನಾಲ್ಕು ಹೆಸರು. ಒಬ್ಬರಂತೂ ಹಿಟ್ಟು ತಿಗಣೆ ಎಂದು ಆಣೆ ಇಡಲು ಸಿದ್ಧ. ಹೆಸರು ನಾಲ್ಕಾದರೂ ಎಲ್ಲರ ಸಲಹೆ ಒಂದೇ: ಹೊಡೆಯಿರಿ. ಹೇನು ಹಾಕಿಡಲು ಸ್ಪಿರಿಟ್ ಬೇಕೆಂದು ಮೂರು ಅಂಗಡಿ ಅಲೆದೆ, ಕಳ್ಳನನ್ನು ನೋಡಿದಂತೆ ನೋಡಿದರು. ವಿಷದ ಡಬ್ಬಿಯನ್ನಾದರೆ ಯಾಕೆಂದೂ ಕೇಳದೆ ಕೊಡುತ್ತಾರೆ. ಸ್ಪಿರಿಟ್ ಸಿಕ್ಕಿದ್ದು ನಿನ್ನೆ ರಾತ್ರಿ.

ನಾವೇನು ಕಬ್ಬು ಕಾಣದ ಊರಿನವರೇ? ಈಶಾನ್ಯ ಭಾರತದ ಕಡೆ ಇದ್ದ ಕಬ್ಬಿನ ಬಿಳಿ ಉಣ್ಣೆ ಹೇನು 2002ರಲ್ಲಿ ಸಾಂಗ್ಲಿಯಲ್ಲಿ ಕಾಣಿಸಿಕೊಂಡು, ಅದೇ ವರ್ಷ ಗಡಿ ದಾಟಿ ಬೆಳಗಾವಿ, ಬಾಗಲಕೋಟೆಯ ಕಬ್ಬಿಗೂ ಹತ್ತಿತು. ಹೊಲದೊಳಗೆ ಹೋಗಿ ಬಂದರೆ ಅಪ್ಪನ ಅಂಗಿಯ ತೋಳೆಲ್ಲ ಬಿಳಿ. ಎಷ್ಟು ಹೊಡೆದರೂ ಮತ್ತೆ ಬಂತು. ಕೊನೆಗೆ ಅದನ್ನು ಹಿಡಿತಕ್ಕೆ ತಂದದ್ದು ಅದನ್ನೇ ತಿನ್ನುವ ಹುಳುಗಳು: ಹೇನಿನ ನಡುವೆ ನೂಲು ನೇಯ್ದು ಕುಳಿತು ಮೇಯುವ ಡೈಫಾ, ಜೊತೆಗೆ ಮೈಕ್ರೋಮಸ್. ಹೇನು ಯಾವುದೆಂದು ಗೊತ್ತಿದ್ದುದರಿಂದಲ್ಲವೇ ಅದರ ವೈರಿ ಯಾರೆಂದು ಹುಡುಕಲು ಆದದ್ದು? ಡೈಫಾ ಇದ್ದ ಎಲೆಗಳನ್ನು ಬೇರೆ ಹೊಲದಿಂದ ತಂದು ಕಬ್ಬಿಗೆ ಕಟ್ಟಿದವರಲ್ಲಿ ಇದೇ ಕಾಕಾ ಒಬ್ಬರು! ಬಿದಿರಿನ ಹೇನಿನ ನಡುವೆ ಅಂಥ ಹುಳು ಇತ್ತೋ ಏನೋ, ಇದ್ದರೆ ಅದೂ ಬೂದಿ.

ಬುಡದ ಮೋಟುಗಳನ್ನು ಬೆಳಿಗ್ಗೆಯೆಲ್ಲ ಕೆದಕಿ ಒಂಬತ್ತು ಹೇನು ಸಿಕ್ಕವು. ಒಂಬತ್ತೂ ಮರಿ. ಮರಿಯಿಂದ ಹೆಸರು ಹೇಳುವುದು ನನ್ನ ಕೈಲಾಗದು.

ಸಂಜೆ ಕಾಕಾ ಬೇಲಿಯಾಚೆಯಿಂದಲೇ ಕೂಗಿ ಕೇಳಿದರು: "ಮಾಸ್ತರೇ, ಅದರ ಹೆಸರು ಏನಂತೆ?"