ರಬ್ಬರ್ ಉಂಗುರದ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ

ಆದೇಶ ಇಂದು ಬೆಳಿಗ್ಗೆ ಬಂತು. ಪೇಟೆಂಟ್ ಕಾಯ್ದೆಯ ಸೆಕ್ಷನ್ 15ರ ಅಡಿಯಲ್ಲಿ, ಮೋಟರಿನ ಕೇಬಲ್ ಜೋಡಿಸುವ ನನ್ನ ಕನೆಕ್ಟರಿನ ಪೇಟೆಂಟ್ ಅರ್ಜಿ ತಿರಸ್ಕೃತವಾಗಿದೆ. ತಿರಸ್ಕಾರವನ್ನು ನಾನು ತಡೆದುಕೊಳ್ಳಬಲ್ಲೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ ನಡೆಸುವವನಿಗೆ ಬ್ಯಾಂಕಿನವರಿಂದ ಹಿಡಿದು ಕಂಪನಿಗಳ ಖರೀದಿ ವಿಭಾಗದವರವರೆಗೆ ಎಲ್ಲರಿಂದಲೂ ಇಲ್ಲ ಎನ್ನಿಸಿಕೊಂಡು ಅಭ್ಯಾಸವಿದೆ. ತಡೆದುಕೊಳ್ಳಲಾಗದಿರುವುದು ಬೇರೆ. ನನ್ನ ಅರ್ಜಿಗೆ ಎದುರಾಗಿ ಪೇಟೆಂಟ್ ಕಚೇರಿ ಮುಂದಿಟ್ಟ ಎರಡು ಹಳೆಯ ದಾಖಲೆಗಳು ಡಿ-1, ಡಿ-2. ಈ ಕೆಲಸ ಬಲ್ಲ ಒಬ್ಬ ಕಾಲ್ಪನಿಕ 'ಪರಿಣತ'ನಿಗೆ ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ. 'ಡಿ-1ರ ಸ್ಪ್ರಿಂಗಿನ ಬದಲಿಗೆ ಡಿ-2ರ ರಬ್ಬರ್ ಉಂಗುರವನ್ನು ಬಳಸುವುದು ಪರಿಣತನಿಗೆ ಸಹಜವಾಗಿಯೇ ಹೊಳೆಯುವಂಥದ್ದು' ಎಂಬ ವಾಕ್ಯ ಮೊದಲ ಪರೀಕ್ಷಾ ವರದಿಯಲ್ಲಿ ಹೇಗಿತ್ತೋ ಹಾಗೆಯೇ, ಒಂದು ಅಲ್ಪವಿರಾಮವೂ ಕದಲದೆ, ಅಂತಿಮ ಆದೇಶದಲ್ಲಿ ಬಂದು ಕುಳಿತಿದೆ. ಹಾಗಾದರೆ ನಡುವೆ ನಾವು ಕೊಟ್ಟ ಉತ್ತರ, ನಡೆದ ಹಿಯರಿಂಗ್, ಅದಾದ ಮೇಲೆ 15 ದಿನಗಳೊಳಗೆ ಸಲ್ಲಿಸಬೇಕೆಂದು ನಿದ್ದೆಗೆಟ್ಟು ಬರೆದ ಲಿಖಿತ ವಾದ, ಇವುಗಳನ್ನು ಓದಿದವರು ಯಾರು?

ಕನೆಕ್ಟರ್ ಅಂದರೆ ಎರಡು ಪ್ಲಾಸ್ಟಿಕ್ ತುಂಡು ಎಂದು ತಿಳಿದವರಿಗೆ ಇದೆಲ್ಲ ದೊಡ್ಡ ರಗಳೆಯಾಗಿ ಕಾಣಬಹುದು. ಮದ್ದೂರು, ಮಳವಳ್ಳಿ ಕಡೆಯ ಕಬ್ಬಿನ ಗದ್ದೆಗಳಲ್ಲಿ ಕೊಳವೆಬಾವಿಯ ಮೋಟರಿನ ಕೇಬಲ್ಲು ಸ್ಟಾರ್ಟರ್ ಪೆಟ್ಟಿಗೆಗೆ ಸೇರುವ ಜಾಗವನ್ನು ಒಮ್ಮೆ ನೋಡಿ ಬರಲಿ. ಅರ್ಧಕ್ಕೆ ಸಿಕ್ಕಿಸಿ ಬಿಟ್ಟ ಕನೆಕ್ಟರಿನ ಮುಳ್ಳು (ಪಿನ್) ಮೊದಲು ಸುಮ್ಮನೆ ಕೆಲಸ ಮಾಡುತ್ತದೆ. ಸಂಪರ್ಕದಲ್ಲಿ 10 ಮಿಲಿಓಮ್ ರೋಧ ಹುಟ್ಟಿದರೆ ಸಾಕು, 20 ಆಂಪಿಯರ್ ಹರಿಯುವಾಗ ಆ ಒಂದೇ ಮುಳ್ಳಿನ ಮೇಲೆ 4 ವ್ಯಾಟ್ ಶಾಖ ಕೂರುತ್ತದೆ. ತವರದ ಲೇಪ ಕಪ್ಪಾಗುತ್ತದೆ, ರೋಧ ಇನ್ನೂ ಏರುತ್ತದೆ, ಕೊನೆಗೊಂದು ರಾತ್ರಿ ಆ ಫೇಸ್ ಕಡಿದು, ಉಳಿದೆರಡು ಫೇಸಿನಲ್ಲೇ ಮೋಟರು ಏದುಸಿರು ಬಿಡುತ್ತಾ ತಿರುಗಿ, ಬೆಳಗಾಗುವುದರೊಳಗೆ ವೈಂಡಿಂಗ್ ಸುಟ್ಟಿರುತ್ತದೆ. ನನ್ನ ಕನೆಕ್ಟರಿನಲ್ಲಿ ನೀರು ತಡೆಯುವ ರಬ್ಬರ್ ಉಂಗುರವೇ ಹಿಂದಕ್ಕೆ ತಳ್ಳುವ ಬಲವನ್ನೂ ಕೊಡುತ್ತದೆ. ಕೊಂಡಿ ಪೂರ್ತಿ ಕೂತರೆ ಮಾತ್ರ ಕನೆಕ್ಟರು ಜೋಡಿಕೊಂಡು ನಿಲ್ಲುತ್ತದೆ. ಅರ್ಧ ಸಿಕ್ಕಿಸಿ ಕೈಬಿಟ್ಟರೆ ಉಂಗುರವೇ ಹೊರಗೆ ತಳ್ಳಿಬಿಡುತ್ತದೆ. ಬೇರೆ ಸ್ಪ್ರಿಂಗ್ ಇಲ್ಲ, ತುಕ್ಕು ಹಿಡಿಯಲು ಏನೂ ಇಲ್ಲ.

ಡಿ-1ರಲ್ಲಿ ಹಿಂದಕ್ಕೆ ತಳ್ಳುವ ಉಕ್ಕಿನ ಸ್ಪ್ರಿಂಗ್ ಇದೆ, ಒಪ್ಪುತ್ತೇನೆ. ಡಿ-2ರಲ್ಲಿ ರಬ್ಬರ್ ಉಂಗುರ ಇದೆ, ಅದನ್ನೂ ಒಪ್ಪುತ್ತೇನೆ. ಆದರೆ ಡಿ-2 ಬರೆದವರು ಉಂಗುರ ಆದಷ್ಟು ಮೆತ್ತಗಿರಬೇಕು, ಸಿಕ್ಕಿಸುವಾಗ ಕೈಗೆ ಬಲವೇ ತಿಳಿಯಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನನ್ನದಕ್ಕೆ ಗಡಸು ಉಂಗುರವೇ ಬೇಕು, ತಳ್ಳದಿದ್ದರೆ ಅದು ಕೆಲಸಕ್ಕೇ ಬಾರದು. ಡಿ-2 ಓದಿದವನು ನನ್ನ ದಾರಿಗೆ ಬರುವುದಿಲ್ಲ, ಅದಕ್ಕೆ ಬೆನ್ನು ಹಾಕಿ ಹೋಗುತ್ತಾನೆ. ಇದನ್ನು ನಾವು ಬರೆದೆವು, ಅಡಿಗೆರೆ ಎಳೆದೆವು, ಹಿಯರಿಂಗಿನಲ್ಲಿ ಹೇಳಿದೆವು. ಆದೇಶದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ.

ಆ ಹಿಯರಿಂಗ್ ನನ್ನ ತಲೆಯಿಂದ ಇಳಿಯುತ್ತಿಲ್ಲ. ವಿಡಿಯೋ ಕಾನ್ಫರೆನ್ಸ್. ನಮ್ಮ ಪೇಟೆಂಟ್ ಏಜೆಂಟರು ಬೆಂಗಳೂರಿನಿಂದ, ನಾನು ಶೆಡ್ಡಿನ ಮೂಲೆಯ ಕೋಣೆಯಿಂದ. ನೀವು ಮಾತಾಡಬೇಡಿ ಎಂದು ಅವರು ಮೊದಲೇ ಹೇಳಿದ್ದರು, ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, 'ಸ್ಪ್ರಿಂಗ್ ತೆಗೆದು ರಬ್ಬರ್ ಹಾಕಿದ್ದೀರಿ, ಅಷ್ಟೇ ತಾನೇ?' ಎಂದರು. ಅಷ್ಟೇ ತಾನೇ! ನಾನು ಮೇಜಿನ ಮೇಲಿದ್ದ ಕನೆಕ್ಟರನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದೆ. ಹಿಂದೆ ಪೇರಿಸಿಟ್ಟ ಮೋಲ್ಡುಗಳು ಕಾಣಬಾರದೆಂದು ಹುಡುಗನೊಬ್ಬ ಹಿನ್ನೆಲೆಯನ್ನು ಮಸುಕು ಮಾಡಿಟ್ಟಿದ್ದ. ಆ ಮಸುಕು ನನ್ನ ಕನೆಕ್ಟರನ್ನೂ ನುಂಗಿತು. ಪರದೆಯ ಮೇಲೆ ಗಾಳಿಯನ್ನು ಹಿಡಿದುಕೊಂಡ ನನ್ನ ಐದು ಬೆರಳು, ಅವುಗಳ ನಡುವೆ ಏನೂ ಇಲ್ಲ. ನಾನು ಇನ್ನೂ ಹತ್ತಿರ ಹಿಡಿದೆ, ಒಂದು ಅಂಚು ಮಿಂಚಿ ಮತ್ತೆ ಮಾಯವಾಯಿತು. ನೋಡಿ ಸಾರ್, ಅರ್ಧ ಸಿಕ್ಕಿಸಿದರೆ ಹೇಗೆ ಹೊರಗೆ ಬರುತ್ತದೆ ನೋಡಿ ಎನ್ನುತ್ತಾ ಕಾಣದ ವಸ್ತುವನ್ನು ಕಾಣದ ವಸ್ತುವಿಗೆ ಸಿಕ್ಕಿಸುತ್ತಲೇ ಇದ್ದೆ. ಯಾರದೋ ಮೈಕಿನಿಂದ ಸಣ್ಣ ನಗು ಕೇಳಿಸಿತು. ಅಧಿಕಾರಿ ತಾಳ್ಮೆಯಿಂದಲೇ, 'ನಾವು ನೋಡುವುದು ಕ್ಲೇಮುಗಳನ್ನು, ವಸ್ತುವನ್ನಲ್ಲ' ಎಂದು, ಅಂದರೆ ಅರ್ಜಿಯಲ್ಲಿ ಹಕ್ಕು ಕೇಳಿ ಬರೆದ ವಾಕ್ಯಗಳನ್ನು ಎಂದು, ಮುಂದಿನ ಅಂಶಕ್ಕೆ ಹೋದರು. ಆ ತಾಳ್ಮೆಯೇ ಹೆಚ್ಚು ಚುಚ್ಚಿತು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ ಇರಬಹುದು. ಆದರೆ ತಳ್ಳುವುದು ಉಂಗುರವೇ ಎಂದು ಮೊದಲನೇ ಕ್ಲೇಮಿನಲ್ಲಿಯೇ ಬರೆದಿದೆಯಲ್ಲ, ಅದನ್ನಾದರೂ ನೋಡಬೇಕಿತ್ತಲ್ಲವೇ?

ಆದೇಶದಲ್ಲಿ ಸುಪ್ರೀಂ ಕೋರ್ಟಿನ 1978ರ ತೀರ್ಪನ್ನೂ ತಂದು ನಿಲ್ಲಿಸಿದ್ದಾರೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣವದು, ಪಾತ್ರೆಗಳನ್ನು ಲೇತಿನ ಮೇಲೆ ಹಿಡಿದು ತಿರುಗಿಸುವ ಸಾಧನದ ಪೇಟೆಂಟು. ಬರೀ ವರ್ಕ್‌ಶಾಪ್ ಸುಧಾರಣೆಗೆ ಪೇಟೆಂಟ್ ಇಲ್ಲ ಎಂಬ ಮಾತು ಅಲ್ಲಿಂದ ಬಂದದ್ದು. ಸರಿ, ಒಪ್ಪೋಣ. ನಾನು ವರ್ಕ್‌ಶಾಪಿನವನೇ. ಆದರೆ ಇವರು ಹೇಳುವ ಆ ಪರಿಣತ ಯಾರು ಸ್ವಾಮಿ? ಅಮೆರಿಕದ ಡಿ-1, ಜಪಾನಿನ ಡಿ-2 ಎರಡನ್ನೂ ಮಗ್ಗುಲಲ್ಲಿ ಇಟ್ಟುಕೊಂಡು ಮಲಗುವ ಈ ಮನುಷ್ಯನಿಗೆ ಇದು ಅಷ್ಟು ಸುಲಭವಾಗಿ ಹೊಳೆಯುವುದಿದ್ದರೆ ಇಷ್ಟು ವರ್ಷ ಮೋಟರುಗಳು ಸುಡುವಾಗ ಎಲ್ಲಿ ಹೋಗಿದ್ದ? ಬಿಡಿಸಿದ ಮೇಲೆ ಒಗಟು ಎಲ್ಲರಿಗೂ ಸುಲಭ. ನನ್ನ ಉತ್ತರವನ್ನು ಮೊದಲು ಓದಿ, ಆಮೇಲೆ ಅದರ ಚೂರುಗಳನ್ನು ಹಳೆಯ ಕಡತಗಳಲ್ಲಿ ಹೆಕ್ಕಿ ತೆಗೆಯುವುದಕ್ಕೆ ಪರೀಕ್ಷೆ ಎನ್ನುತ್ತಾರೆಯೇ?

ಬಿಡಿ, ನಾನು ಮೇಲ್ಮನವಿ ಹಾಕುವುದಿಲ್ಲ. ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದು ಮಾಡಿದ ಮೇಲೆ ಈಗ ನೇರವಾಗಿ ಹೈಕೋರ್ಟಿಗೇ ಹೋಗಬೇಕು, ಅದೂ ಮೂರು ತಿಂಗಳೊಳಗೆ. ವಕೀಲರ ಫೀಸಿನಲ್ಲಿ ಇನ್ನೊಂದು ಮೋಲ್ಡು ಬರುತ್ತದೆ. ಅರ್ಜಿ ಹಾಕಿದ ದಿನವೇ 'ಪೇಟೆಂಟ್ ಪೆಂಡಿಂಗ್' ಎಂದು ರಟ್ಟಿನ ಪೆಟ್ಟಿಗೆಗಳ ಮೇಲೆ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ ಮಹಾನ್ ವಿಜ್ಞಾನಿ ನಾನು. ಭಾವಮೈದುನನ ಮದುವೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೆ. ಉಳಿದ ಪೆಟ್ಟಿಗೆಗಳನ್ನು ಒಳಮಗ್ಗುಲು ಹೊರಗೆ ಮಾಡಿ ಮಡಿಸಲು ಹುಡುಗರಿಗೆ ಹೇಳಿದ್ದೇನೆ.

ಡಿಸೈನ್ ನೋಂದಣಿ ಮಾಡಿಸಿ ಎನ್ನುತ್ತಾರೆ ಏಜೆಂಟರು. ಅದು ಕಾಯುವುದು ಹೊರನೋಟವನ್ನು ಮಾತ್ರ. ನನ್ನ ಕನೆಕ್ಟರಿನ ಚಂದವನ್ನು ಯಾರು ಕದಿಯುತ್ತಾರೆ? ಕದಿಯುವುದು ಉಂಗುರದ ಕೆಲಸವನ್ನು. ಕದಿಯುವುದಕ್ಕೆ ಬೀಗ ಮುರಿಯುವುದೂ ಬೇಡ, ಏಕೆಂದರೆ ನಿಯಮದಂತೆ 18 ತಿಂಗಳಾದ ಮೇಲೆ ನನ್ನ ಚಿತ್ರ, ಅಳತೆ, ರಬ್ಬರಿನ ಗಡಸುತನ ಎಲ್ಲವೂ ಪ್ರಕಟವಾಗಿ ಲೋಕದ ಮುಂದೆ ಬಿದ್ದಿವೆ. ನನಗೆ ಹಕ್ಕಿಲ್ಲ, ಓದುವ ಹಕ್ಕು ಎಲ್ಲರಿಗೂ ಇದೆ. ನಾಳೆ ಪಾಂಡವಪುರದ ಇನ್ನೊಬ್ಬ ಹುಡುಗ ಇಂಥದೇ ಅರ್ಜಿ ಹಾಕಿದರೆ ಅವನನ್ನು ತಡೆಯಲು ನನ್ನದನ್ನೇ ಡಿ-1 ಎಂದು ಮುಂದಿಡುತ್ತಾರೆ.

ಆದೇಶದ ಮರುಪರಿಶೀಲನೆಗೆ ಒಂದು ತಿಂಗಳ ಅವಕಾಶವಿದೆಯಂತೆ. ಮೇಲ್ಮನವಿ ಹಾಕುವುದಿಲ್ಲ ಎಂದಿದ್ದೆ, ನಿಜ. ಈಗ ಏಜೆಂಟರಿಗೆ ಅದರ ಶುಲ್ಕ ಎಷ್ಟೆಂದು ಕೇಳಿ ಸಂದೇಶ ಕಳಿಸಿದ್ದೇನೆ, ಜೊತೆಗೆ ಕೇಳಬೇಕಾದ ಒಂದೇ ಪ್ರಶ್ನೆಯನ್ನೂ ಬರೆದಿದ್ದೇನೆ: ಉಂಗುರ ಮೆತ್ತಗಿರಲಿ ಎಂದು ಡಿ-2 ಹೇಳುವಾಗ ಅದನ್ನು ಗಡಸು ಮಾಡು ಎಂದು ಆ ಪರಿಣತನಿಗೆ ಹೇಳಿಕೊಟ್ಟವರು ಯಾರು? ಇಲ್ಲಿ ಪೇಟೆಂಟ್ ಕೆಲಸ ಬಲ್ಲವರು ಯಾರಾದರೂ ಇದ್ದರೆ, ನಾನೇ ತಪ್ಪು ಎಂದಾದರೂ ಸರಿ, ಇದಕ್ಕೆ ಉತ್ತರ ಕೊಡಿ.