ಪಕ್ಕದವರ ಬೆಂಡು
ಮೀನು ಹಿಡಿಯೋದನ್ನ ಯಾರನ್ನೂ ಕೇಳಿ ಕಲಿಯಲ್ಲ, ನೋಡೇ ಕಲೀತೀನಿ ಅಂತ ನನ್ನ ಹಠ. ಅಸಲಿ ಕಾರಣ ನಾಚಿಕೆ, ಹೊಸ ರಾಡು, ಹೊಸ ರೀಲು, ತಲೆಗೊಂದು ಟೋಪಿ ಎಲ್ಲಾ ಹಾಕ್ಕೊಂಡು ನಿಂತ ಮೇಲೆ ಗಾಳಕ್ಕೆ ಗಂಟು ಹೆಂಗೆ ಹಾಕೋದು ಅಂತ ಯಾವ ಮುಖ ಇಟ್ಕೊಂಡು ಕೇಳೋದು ಹೇಳಿ.

ನನ್ನಿಂದ ಹತ್ತು ಹೆಜ್ಜೆ ಆಚೆ ಒಬ್ರು ಯಜಮಾನ್ರು ಕೂರ್ತಿದ್ರು. ಬಿದಿರು ಕೋಲು, ನೈಲಾನ್ ದಾರ, ದಾರಕ್ಕೆ ಸಿಕ್ಕಿಸಿ ನೀರ ಮೇಲೆ ತೇಲಿಬಿಡೋ ಬೆಂಡು, ಅಷ್ಟೇ ಅವರ ಆಸ್ತಿ. ಆದ್ರೆ ಮೀನು ಮಾತ್ರ ಒಂದರ ಹಿಂದೆ ಒಂದು ಎತ್ತೋರು. ನಾನು ಓರೆಗಣ್ಣಲ್ಲೇ ಪಾಠ ಶುರು ಮಾಡ್ದೆ.

ಗಾಳ ಕಟ್ಟೋವಾಗ ಅವ್ರು ಒಂದ್ಸಲ ತುಪ್ಪ್ ಅಂತ ಉಗುಳೋರು. ಓಹೋ ಮೀನಿಗೆ ಎಂಜಲು ಇಷ್ಟ ಇರ್ಬೇಕು ಅಂತ ನಾನು ಎರೆಹುಳದ ಮೇಲೆ ಉಗಿದೆ, ಗಾಳಿ ನನ್ನ ಕಡೆಗೇ ಬೀಸ್ತಿತ್ತು, ಮುಂದಿಂದು ಬೇಡ ಬಿಡಿ. ಆಮೇಲೆ ಸರಿಯಾಗಿ ನೋಡಿದ್ರೆ ಅವ್ರು ಉಗೀತಿದ್ದಿದ್ದು ಗಂಟಿನ ಮೇಲೆ. ಒಣಗಿದ ನೈಲಾನ್ ಬಿಗಿದ್ರೆ ಉಜ್ಜಿ ಬಿಸಿಯಾಗಿ ಗಂಟಿನ ಹತ್ರಾನೇ ಬಲ ಕಳ್ಕೊಳುತ್ತೆ, ಒದ್ದೆ ಮಾಡಿ ಎಳೆದ್ರೆ ಸಲೀಸಾಗಿ ಕೂರುತ್ತೆ. ಇದು ತಲೆಗೆ ಹೋಗೋ ಹೊತ್ತಿಗೆ ನನ್ನ ಮೂರು ಗಾಳ ನೀರು ಪಾಲು.

ಅವ್ರು ಚಪ್ಪಲಿ ಬಿಟ್ಟು ಓಡಾಡೋರು. ಹರಕೆ ಇರ್ಬೇಕು ಅಂತ ನಾನೂ ಬಿಟ್ಟೆ, ಬಿಟ್ಟು ಧಡಧಡ ನಡೆದೆ, ಮುಳ್ಳು ಚುಚ್ಚಿದಾಗ ಒಂಟಿಕಾಲಲ್ಲಿ ಕುಣಿದೂ ಬಿಟ್ಟೆ. ಅವ್ರು ಬಿಟ್ಟಿದ್ದು ಹೆಜ್ಜೆ ಸದ್ದಾಗದಿರ್ಲಿ ಅಂತ. ಮೀನಿನ ಮೈಪಕ್ಕ ಉದ್ದಕ್ಕೊಂದು ಗೆರೆ ಇರುತ್ತಲ್ಲ, ಅದ್ರಲ್ಲೇ ಅದು ನೀರಿನ ಅದುರಾಟ ಹಿಡ್ಕೊಳ್ಳೋದು. ನನ್ನ ಕುಣಿತಕ್ಕೆ ಎಲ್ಲಾ ಆಚೆ ದಡ ಸೇರಿರ್ಬೇಕು.

ಇನ್ನು ಬೆಂಡಿನ ಕಥೆ. ಅದೇ ನೀರು, ಅದೇ ಹುಳ, ಅವರಿಗೆ ಬೀಳುತ್ತೆ ನನಗಿಲ್ಲ. ನಾಲ್ಕನೇ ದಿನ ಕಣ್ಣಿಗೆ ಬಿತ್ತು, ಮೀನು ಕಚ್ಚದಿದ್ರೆ ಅವ್ರು ಜಾಗ ಬಿಟ್ಟು ಏಳ್ತಿರ್ಲಿಲ್ಲ, ಬೆಂಡನ್ನ ದಾರದಲ್ಲಿ ಒಂದು ಗೇಣು ಮೇಲಕ್ಕೆ ಸರಿಸೋರು, ಅಂದ್ರೆ ಹುಳ ಇನ್ನೊಂದು ಗೇಣು ಕೆಳಕ್ಕೆ. ಬೆಂಡು ನೆಟ್ಟಗೆ ನಿಲ್ಲದೆ ಅಡ್ಡ ಮಲಗಿದ್ರೆ ದಾರ ಮುಳುಗೋಕೆ ಕಟ್ಟಿದ ಸೀಸದ ಗುಂಡು ತಳ ಮುಟ್ತು ಅಂತ, ಆಗ ಬೆಂಡನ್ನ ದಾರದಲ್ಲಿ ಸ್ವಲ್ಪ ಕೆಳಕ್ಕೆ ಇಳಿಸೋರು. ನನ್ನ ಹುಳ ಇಷ್ಟು ದಿನ ಮೀನುಗಳ ತಲೆ ಮೇಲೆ ಎರಡು ಮಾರು ಎತ್ತರದಲ್ಲಿ ಆರಾಮಾಗಿ ಈಜಾಡ್ಕೊಂಡಿತ್ತು.

ಐದನೇ ದಿನ ಅಳತೆ ಎಲ್ಲಾ ಸರಿ ಮಾಡಿ, ರಾಡು ಕಲ್ಲಿಗೆ ಒರಗಿಸಿ, ಅಭ್ಯಾಸಬಲ ನೋಡಿ, ಅವರ ಬೆಂಡನ್ನೇ ನೋಡ್ತಾ ಕೂತೆ. ಅದು ಎರಡು ಸಲ ಮಿಸುಕಿದ್ರೂ ಅವ್ರು ಅಲ್ಲಾಡ್ಲಿಲ್ಲ, ಪೂರ್ತಿ ಮುಳುಗಿದ ಮೇಲೆ ಮಣಿಕಟ್ಟು ಮಾತ್ರ ಎತ್ತಿದ್ರು. ಆಹಾ ಅಂತಿರೋವಾಗ್ಲೇ ಪಕ್ಕದಲ್ಲಿ ಸರ್ರ್ ಅಂತು, ತಿರುಗಿದ್ರೆ ಕಲ್ಲಿದೆ, ರಾಡಿಲ್ಲ.

ಯಜಮಾನ್ರು ಅದೇ ಕೋಲಲ್ಲಿ ಗಾಳ ಎಸೆದು ನನ್ನ ಲೈನಿಗೆ ಸಿಕ್ಕಿಸಿ ನಿಧಾನಕ್ಕೆ ಎಳ್ಕೊಂಡ್ರು. ತುದೀಲಿ ಮೊಳ ಉದ್ದದ ಮೀನು. ಐದು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ರು:

"ತಗೋಳಪ್ಪಾ ನಿನ್ ರಾಡು. ಮೀನು ನಂದು."