ರಾಜನ ತಲೆ ಹೋಯಿತು, ಜಮೀನು ಯಾರದಾಯಿತು?

1649ರ ಜನವರಿ 30ರಂದು ಇಂಗ್ಲೆಂಡಿನಲ್ಲಿ ರಾಜ ಒಂದನೇ ಚಾರ್ಲ್ಸನ ತಲೆ ಕಡಿದರು. ಅದು ಎಲ್ಲರಿಗೂ ಗೊತ್ತು. ಆದರೆ ಅದಾಗಿ ಎರಡೇ ತಿಂಗಳಿಗೆ, ಏಪ್ರಿಲ್ 1ರಂದು, ಸರ್ರೆ ಸೀಮೆಯ ಸೇಂಟ್ ಜಾರ್ಜ್ ಗುಡ್ಡದ ಮೇಲೆ ಬೆರಳೆಣಿಕೆಯ ಬಡವರು ಸನಿಕೆ ಹಿಡಿದು ಹೋಗಿ, ಪಾಳು ನೆಲ ಅಗೆದು ಕ್ಯಾರೆಟ್, ಬೀನ್ಸ್ ಹಾಕಿದರಲ್ಲ, ನನಗೆ ಅದು ಇನ್ನೂ ದೊಡ್ಡ ಘಟನೆ. ಜನ ಅವರನ್ನು ಡಿಗ್ಗರ್ಸ್, ಅಂದರೆ ಅಗೆಯುವವರು, ಎಂದು ಕರೆದರು.

ಅವರ ಮುಂದಾಳು ಜೆರಾರ್ಡ್ ವಿನ್‌ಸ್ಟನ್ಲಿ. ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಹೊತ್ತಲ್ಲಿ ದಿವಾಳಿಯಾಗಿ, ಕಾಬಮ್ ಊರಿಗೆ ಬಂದು ದನ ಮೇಯಿಸಿಕೊಂಡಿದ್ದವನು. ಭೂಮಿ ಎಲ್ಲರಿಗೂ ಸೇರಿದ ಖಜಾನೆ, ಅದನ್ನು ಕೊಳ್ಳುವುದು ಮಾರುವುದೇ ಪಾಪದ ಬೇರು ಎಂದು ಬೈಬಲ್ ಹಿಡಿದುಕೊಂಡೇ ವಾದಿಸಿದ. ರಾಜನ ವಿರುದ್ಧ ಯುದ್ಧಕ್ಕೆ ತೆರಿಗೆ ಕೊಟ್ಟವರು, ಸೈನಿಕರಿಗೆ ಮನೆಯಲ್ಲಿ ಜಾಗ ಕೊಟ್ಟವರು ಇದೇ ಸಾಮಾನ್ಯ ಜನ. ಗೆದ್ದ ಮೇಲೆ ಜಮೀನು ಮಾತ್ರ ಹಳೇ ಒಡೆಯರ ಕೈಯಲ್ಲೇ ಉಳಿಯಿತು. ಅವನು ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ?

ಡಿಗ್ಗರ್ಸ್ ಅಂದರೆ ಬೇರೆಯವರ ಆಸ್ತಿ ಕಿತ್ತುಕೊಳ್ಳಲು ಹೊರಟವರು ಎಂದು ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಅವರು ಯಾರ ಬೇಲಿಯನ್ನೂ ಮುರಿಯಲಿಲ್ಲ, ಕತ್ತಿ ಹಿಡಿಯಲಿಲ್ಲ. ಅಗೆದದ್ದು ನಮ್ಮ ಗೋಮಾಳದಂಥ ಊರ ನೆಲವನ್ನು. ನಿಜ, ಅಲ್ಲಿ ದನ ಮೇಯಿಸುವ ಹಕ್ಕಿದ್ದ ಊರವರಿಗೂ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಬಾರದು.

ಪಾರ್ಲಿಮೆಂಟಿನ ಸೇನಾಪತಿ ಫೇರ್‌ಫ್ಯಾಕ್ಸ್ ಮುಂದೆ ವಿನ್‌ಸ್ಟನ್ಲಿ, ಅವನ ಜೊತೆಗಾರ ಎವರಾರ್ಡ್ ಇಬ್ಬರೂ ಟೋಪಿ ತೆಗೆಯದೆ ನಿಂತು ಮಾತಾಡಿದರು. ಸೇನೆಗೆ ಇವರಿಂದ ದೊಡ್ಡ ಅಪಾಯ ಕಾಣಲಿಲ್ಲ. ಜಾಸ್ತಿ ಭಯ ಬಿದ್ದವರು ಅಲ್ಲಿನ ಜಮೀನ್ದಾರರು. ಹೊಡೆಸಿದರು, ಬೆಳೆ ಹಾಳು ಮಾಡಿಸಿದರು, ಕೋರ್ಟಿಗೆಳೆದರು. ಕೋರ್ಟಿನಲ್ಲಿ ವಕೀಲನಿಲ್ಲದೆ ಬಾಯಿ ಬಿಡುವ ಹಾಗಿರಲಿಲ್ಲ. ವಕೀಲರನ್ನು ಇಟ್ಟುಕೊಳ್ಳುವುದು ಡಿಗ್ಗರ್ಸ್ ನಂಬಿಕೆಗೇ ವಿರುದ್ಧ. ಗುಡ್ಡ ಬಿಟ್ಟು ಕಾಬಮ್‌ನ ಲಿಟಲ್ ಹೀತ್‌ಗೆ ಹೋದರು. 1650ರ ಏಪ್ರಿಲ್‌ನಲ್ಲಿ ಅಲ್ಲಿನ ಗುಡಿಸಲುಗಳಿಗೆ ಬೆಂಕಿ ಇಡಿಸಿದವನು ಜಾನ್ ಪ್ಲಾಟ್. ಅವನು ಪಾದ್ರಿ, ಜಮೀನಿನ ಒಡೆಯನೂ ಹೌದು. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇವತ್ತು ಸೇಂಟ್ ಜಾರ್ಜ್ ಗುಡ್ಡ ಶ್ರೀಮಂತರ ಖಾಸಗಿ ಬಡಾವಣೆ. ಗೇಟು, ಗಾಲ್ಫ್ ಎಲ್ಲ ಇದೆ.

ಕೊನೆಗಾಲದಲ್ಲಿ ವಿನ್‌ಸ್ಟನ್ಲಿ ಅದೇ ಕಾಬಮ್‌ನಲ್ಲಿ ಚರ್ಚಿನ, ಊರಿನ ಅಧಿಕಾರ ವಹಿಸಿಕೊಂಡ, ಅಂದಮೇಲೆ ರಾಜಿಯಾದ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಗುಡಿಸಲು ಸುಟ್ಟು ಎರಡು ವರ್ಷಕ್ಕೆ, 1652ರಲ್ಲಿ, ಕೊಳ್ಳುವುದು ಮಾರುವುದೇ ಇಲ್ಲದ ಒಂದು ದೇಶ ಹೇಗೆ ನಡೆಯಬೇಕು ಎಂದು ಪೂರ್ತಿ ಪುಸ್ತಕ ಬರೆದು, ಅದನ್ನು ಅಧಿಕಾರದಲ್ಲಿದ್ದ ಸೇನಾ ನಾಯಕ ಕ್ರಾಮ್‌ವೆಲ್‌ಗೇ ಅರ್ಪಿಸಿದವನು ಅವನು.